ಬಗ್ಗಿ ನೋಡಿದರೆ ಕಾಣುತ್ತದೆ

ಕೆಲವು ವರ್ಷದ ಹಿಂದೆ, ಸಂಕ್ರಾಂತಿ ಕಳೆದ ವಾರ. ಮಂಡ್ಯದಿಂದ ಬಸರಾಳು ದಾರಿಯಲ್ಲಿ ನಾಗಮಂಗಲ ಕಡೆಯ ನನ್ನ ತವರಿಗೆ ಹೊರಟಿದ್ದೆವು. ಕಾರು ಓಡಿಸುತ್ತಿದ್ದವಳು ನಾನೇ. ಪಕ್ಕದಲ್ಲಿ ಯಜಮಾನರು, ಹಿಂದೆ ಅತ್ತೆ ಮತ್ತು ಇಬ್ಬರು ಮಕ್ಕಳು. ಒಂದು ಊರು ದಾಟುತ್ತಿದ್ದಂತೆ, ವಾಹನ ತುಳಿದು ಕಾಳು ಉದುರಲಿ ಅಂತ ರಸ್ತೆ ತುಂಬ ಹುರುಳಿ ಬಳ್ಳಿ ಹಾಸಿದ್ದರು. ಮೊಣಕಾಲುದ್ದದ ರಾಶಿ. ಮುಂದಿನ ವಾಹನಗಳೆಲ್ಲ ಅದರ ಮೇಲೇ ಹೋಗುತ್ತಿದ್ದವು. ನಾನೂ ಹೋದೆ.

ದಾಟಿದ ಮೇಲೆ ಕಾರಿನ ಕೆಳಗಿಂದ ಸರಸರ ಅನ್ನುವ ಸದ್ದು. ಸ್ವಲ್ಪ ಹೊತ್ತಿಗೆ ಹುಲ್ಲು ಸುಟ್ಟ ವಾಸನೆ. ಯಜಮಾನರು, 'ಯಾರೋ ಹೊಲದಲ್ಲಿ ಕಸ ಸುಡ್ತಿರಬೇಕು' ಅಂದರು. ಹೊಲದ ಹೊಗೆ ಆಗಿದ್ದರೆ ಅರ್ಧ ಕಿಲೋಮೀಟರಿಗೆ ಹಿಂದೆ ಉಳಿಯಬೇಕಿತ್ತು. ಇದು ನಮ್ಮ ಜೊತೆಗೇ ಬರುತ್ತಿತ್ತು. ಬದಿಗೆ ಹಾಕಿ, ಇಂಜಿನ್ ಆಫ್ ಮಾಡಿ, ಬಗ್ಗಿ ನೋಡಿದೆ. ಮುಂದಿನ ಎರಡೂ ಚಕ್ರದ ಒಳಗಡೆ ಹುರುಳಿ ಬಳ್ಳಿ ಹಗ್ಗದ ಹಾಗೆ ಸುತ್ತಿಕೊಂಡಿತ್ತು. ಸೈಲೆನ್ಸರ್ ಪೈಪಿನ ಹತ್ತಿರ ಸಣ್ಣಗೆ ಹೊಗೆ.

ಮಕ್ಕಳನ್ನೂ ಅತ್ತೆಯವರನ್ನೂ ಇಳಿಸಿ ದೂರದ ಮರದ ಕೆಳಗೆ ನಿಲ್ಲಿಸಿದೆವು. ನಾನು ಕೈ ಹಾಕಿ ಎಳೆಯಲು ಹೋದಾಗ ಪಕ್ಕದ ಹೊಲದಿಂದ ಒಬ್ಬ ಅಜ್ಜ ಕುಡುಗೋಲು ಹಿಡಿದು ಓಡಿ ಬಂದರು. 'ಕೈ ಹಾಕ್ಬ್ಯಾಡ ಕಣವ್ವ, ಕಾದಿರ್ತದೆ' ಅಂದರು. ಮೊದಲು ಒಂದು ಬಿಂದಿಗೆ ನೀರು ತರಿಸಿ ಹೊಗೆಯಾಡುವ ಕಡೆ ಹುಯ್ಯಿಸಿದರು. ಹೊಗೆ ನಿಂತು ತಣ್ಣಗಾಗುವ ತನಕ ಕಾದರು. ಆಮೇಲೆ ಕೋಲಿನಿಂದ ಬಿಡಿಸಿ, ಕುಡುಗೋಲಿನಲ್ಲಿ ಕೊಯ್ದು ತೆಗೆದರು. ಎರಡು ಮಂಕರಿಯಷ್ಟು ಬಳ್ಳಿ ಬಂತು.

ಮನೆಗೆ ವಾಪಸ್ ಬಂದ ಮೇಲೆ ಎಬಿಎಸ್ ದೀಪ ಹತ್ತಿಕೊಂಡಿತು. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ ಅದು. ಚಕ್ರದ ಹತ್ತಿರ ಇರುವ ಸೆನ್ಸರ್ ವೈರನ್ನು ಬಳ್ಳಿ ಎಳೆದು ಕಿತ್ತಿತ್ತು. ಹಾಗೇ ಸುತ್ತುತ್ತಾ ಹೋದರೆ ಬ್ರೇಕ್ ಹೋಸ್, ಅಂದರೆ ಬ್ರೇಕ್ ಆಯಿಲ್ ಹರಿಯುವ ರಬ್ಬರ್ ಕೊಳವೆ ಕೂಡ ಕಿತ್ತು ಬರಬಹುದು ಎಂದು ನಮ್ಮ ಮೆಕ್ಯಾನಿಕ್ ತೋರಿಸಿಕೊಟ್ಟರು. ಬೆಂಕಿ ಹೇಗೆ ಬರುತ್ತೆ ಅನ್ನೋದನ್ನೂ ಅವರೇ ವಿವರಿಸಿದರು. ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಡಬ್ಬಿ ಎಕ್ಸಾಸ್ಟ್ ಪೈಪಿನಲ್ಲೇ ಇರುತ್ತದೆ. ಓಡುವಾಗ ಅದು ಕೆಲವು ನೂರು ಡಿಗ್ರಿ ಕಾಯುತ್ತದೆ. ಒಣ ಹುರುಳಿ ಅದಕ್ಕೆ ತಾಗಿಕೊಂಡರೆ ಸಾಕು, ಕಿಡಿಯೇ ಬೇಕಾಗಿಲ್ಲ. ರಾಗಿ ಹುಲ್ಲಿಗಿಂತ ಹುರುಳಿ ಜಾಸ್ತಿ ಅಪಾಯ. ಬಳ್ಳಿ ಆದ್ದರಿಂದ ಸುತ್ತಿಕೊಳ್ಳುತ್ತೆ.

ಈಗ ಒಕ್ಕಣೆ ಕಾಲದಲ್ಲಿ, ಅಂದರೆ ಡಿಸೆಂಬರಿನಿಂದ ಫೆಬ್ರವರಿ ತನಕ, ಆ ಕಡೆ ಹೋಗುವಾಗ ಮೊದಲೇ ವಿಚಾರಿಸಿ ಬೇರೆ ದಾರಿ ಇದ್ದರೆ ಅದನ್ನೇ ಹಿಡಿಯುತ್ತೇನೆ. ಇಲ್ಲದಿದ್ದರೆ ಕಾರು ನಿಲ್ಲಿಸಿ, 'ಅಣ್ಣಾ, ಒಂದ್ ಕಡೆ ಸರಿಸ್ಕೊಡಿ' ಅಂತ ಕೇಳುತ್ತೇನೆ. ಇಲ್ಲಿಯವರೆಗೆ ಯಾರೂ ಆಗಲ್ಲ ಅಂದಿಲ್ಲ. ದಾಟಲೇಬೇಕಾಗಿ ಬಂದರೆ ರಾಶಿ ತೆಳುವಾಗಿರುವ ಕಡೆ ನಿಧಾನವಾಗಿ ದಾಟಿ, ಹುಲ್ಲಿಲ್ಲದ ಜಾಗಕ್ಕೆ ಬಂದ ಕೂಡಲೇ ನಿಲ್ಲಿಸಿ ಕೆಳಗೆ ನೋಡುತ್ತೇನೆ. ಹುಲ್ಲಿನ ಮೇಲೆ ಮಾತ್ರ ಯಾವತ್ತೂ ಕಾರು ನಿಲ್ಲಿಸಬೇಡಿ. ಬಾನೆಟ್ ಸಂದಿಯಿಂದ ಹೊಗೆ ಬರುತ್ತಿದ್ದರೆ ಬಾನೆಟ್ ಎತ್ತಬೇಡಿ, ಗಾಳಿ ಸಿಕ್ಕಿ ಬೆಂಕಿ ಭಗ್ಗೆನ್ನುತ್ತದೆ. ಎಲ್ಲರೂ ಇಳಿದು ದೂರ ಹೋಗಿ 112ಕ್ಕೆ ಫೋನ್ ಮಾಡಿ. ರೈತರಿಗೆ ಕಣ ಮಾಡಲು ಜಾಗವಿಲ್ಲ, ಆಳು ಸಿಗೋದಿಲ್ಲ. ನಮ್ಮಪ್ಪನೂ ಅದೇ ಕಷ್ಟ ಪಟ್ಟವರು, ನನಗೆ ಗೊತ್ತು. ಆದರೂ ರಸ್ತೆಯಲ್ಲಿ ಹುರುಳಿ ಹಾಸುವುದು ತಪ್ಪು ಅಂತಲೇ ನಾನು ಹೇಳುತ್ತೇನೆ. ತವರಿನಲ್ಲಿ ಕೂತು ಅಣ್ಣನಿಗೂ ಹೇಳಿದ್ದೇನೆ.

ಆ ದಿನದ ಮೇಲೆ ನನಗೊಂದು ಅಭ್ಯಾಸ ಆಯಿತು. ಭಾನುವಾರ ಬೆಳಗ್ಗೆ, ಕಾರು ಅಲುಗಾಡುವ ಮೊದಲು, ಹತ್ತು ನಿಮಿಷ ಅದರ ಸುತ್ತ ಬಗ್ಗಿ ನೋಡುವುದು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಮೆಕ್ಯಾನಿಕ್ ಕೆಲಸ ಕಲಿತವಳಲ್ಲ. ಆದರೆ ನೋಡುವುದಕ್ಕೆ ಕಲಿಯಬೇಕಾಗಿಲ್ಲ ಅಲ್ವಾ.

ಮೊದಲು ನೆಲ. ರಾತ್ರಿ ನಿಂತ ಜಾಗದಲ್ಲಿ ಹನಿ ಬಿದ್ದಿದೆಯಾ? ತಿಳಿ ನೀರಾದರೆ ಏಸಿಯದು, ಚಿಂತೆ ಇಲ್ಲ. ಹಸಿರು ಅಥವಾ ಗುಲಾಬಿ ಬಣ್ಣದ್ದಾದರೆ ಕೂಲೆಂಟ್, ಇಂಜಿನ್ ತಣ್ಣಗಿಡುವ ದ್ರವ. ಕಪ್ಪು ಜಿಡ್ಡಾದರೆ ಇಂಜಿನ್ ಆಯಿಲ್. ಚಕ್ರದ ಹತ್ತಿರ ಎಣ್ಣೆಯಂಥದ್ದು ಕಂಡರೆ ಬ್ರೇಕ್ ಆಯಿಲ್ ಇರಬಹುದು. ಆಗ ಕಾರು ಓಡಿಸುವುದೇ ಇಲ್ಲ, ಮೆಕ್ಯಾನಿಕ್ಕನ್ನೇ ಮನೆಗೆ ಕರೆಸುತ್ತೇನೆ.

ಆಮೇಲೆ ಟೈರು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಗಾಳಿ ಎಷ್ಟಿರಬೇಕು ಅಂತ ಅದರಲ್ಲೇ ಬರೆದಿರುತ್ತೆ. ನನ್ನ ಕಾರಿಗೆ 33 ಪಿಎಸ್‌ಐ. ಐದು ಜನ, ಲಗೇಜು ಎಲ್ಲ ತುಂಬಿದರೆ ಹಿಂದಿನ ಎರಡಕ್ಕೆ 36. ನಿಮ್ಮ ಕಾರಿನದು ಬೇರೆ ಇರುತ್ತೆ. ಬಂಕಿನ ಹುಡುಗ ಎಲ್ಲ ಕಾರಿಗೂ ಒಂದೇ ಲೆಕ್ಕದಲ್ಲಿ ಹೊಡೆಯುತ್ತಾನೆ, ನಂಬಬೇಡಿ. ಅಳತೆ ಟೈರ್ ತಣ್ಣಗಿರುವಾಗಲೇ ಸರಿ ಬರುವುದು. ಓಡಿಸಿಕೊಂಡು ಹೋಗಿ ನೋಡಿದರೆ ಕಾದ ಗಾಳಿ ಉಬ್ಬಿ ಜಾಸ್ತಿ ತೋರಿಸುತ್ತದೆ. ಅದಕ್ಕೇ ಮನೆಯಲ್ಲೇ ಒಂದು ಗೇಜು, ಕಾರಿನ ಸಾಕೆಟ್ಟಿಗೆ ಹಾಕುವ ಒಂದು ಸಣ್ಣ ಪಂಪು ಇಟ್ಟುಕೊಂಡಿದ್ದೇನೆ.

ಟೈರ್ ಸಿಡಿಯುವುದು ಗಾಳಿ ಜಾಸ್ತಿಯಾಗಿ ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಆದರೆ ಗಾಳಿ ಕಮ್ಮಿ ಇದ್ದಾಗಲೇ ಅಪಾಯ ಜಾಸ್ತಿ. ಕಮ್ಮಿ ಗಾಳಿಯ ಟೈರಿನ ಪಕ್ಕೆ ಒಂದೊಂದು ಸುತ್ತಿಗೂ ಮಡಚಿ ಬಿಚ್ಚಿ ಕಾಯುತ್ತಲೇ ಹೋಗುತ್ತದೆ. ಊರೊಳಗೆ ಓಡಾಡುವಾಗ ಗೊತ್ತಾಗೋದಿಲ್ಲ. ಎಕ್ಸ್‌ಪ್ರೆಸ್‌ವೇ ಮೇಲೆ ಒಂದು ಗಂಟೆ ಒಂದೇ ಸಮ ಓಡಿಸಿದಾಗ ಗೊತ್ತಾಗುತ್ತೆ.

ಒಂದು ಭಾನುವಾರ ಎಡಗಡೆ ಮುಂದಿನ ಟೈರಿನ ಒಳಪಕ್ಕೆಯಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಕಂಡಿತು. ಹದಿನೈದು ದಿನದ ಹಿಂದೆ ಒಂದು ಗುಂಡಿಗೆ ಜೋರಾಗಿ ಇಳಿಸಿದ್ದೆ. ಒಳಗಿನ ನೂಲು ಕಿತ್ತುಹೋಗಿ, ಬರೀ ರಬ್ಬರಿನ ಮೇಲೆ ಗಾಳಿ ನಿಂತಿತ್ತು. ಹೊರಗಿನಿಂದ ನೋಡಿದರೆ ಟೈರ್ ಚೆನ್ನಾಗಿಯೇ ಇತ್ತು. ಮಾರನೇ ದಿನ ಬೆಂಗಳೂರಿಗೆ ಮದುವೆಗೆ ಹೋಗುವವರಿದ್ದೆವು. ಟೈರ್ ಅಂಗಡಿಯವರು ನೋಡಿದ ತಕ್ಷಣ, 'ಇದಕ್ಕೆ ಪ್ಯಾಚು ಗೀಚು ಏನೂ ಇಲ್ಲ ಮೇಡಂ, ಬದಲಾಯಿಸೋದೇ' ಅಂದರು. ಮದುವೆ ಉಡುಗೊರೆಗೆ ಇಟ್ಟಿದ್ದ ದುಡ್ಡೂ ಸೇರಿಸಿ ಎರಡು ಹೊಸ ಟೈರ್ ಹಾಕಿಸಿದೆ.

ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತದೆ, ನೋಡಿ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ಮಾಡಿದ್ದು ಎಂದರ್ಥ. ನಾನು ಸ್ಟೆಪ್ನಿಯ ಅಂಕಿ ನೋಡಿದಾಗ ಅದು ಕಾರಿನಷ್ಟೇ ಹಳೆಯದು. ಟೈರಿನ ಗುಂಡಿ, ಅಂದರೆ ನೆಲಕ್ಕೆ ತಾಗುವ ಬಟನ್ನುಗಳೆಲ್ಲ ಹೊಸದರ ಹಾಗೆ, ರಬ್ಬರ್ ಮಾತ್ರ ಕಲ್ಲಾಗಿ ಸಣ್ಣ ಬಿರುಕು ಬಿಟ್ಟಿತ್ತು. ಓಡುವ ಟೈರಿನ ಗುಂಡಿಗಳ ನಡುವೆಯೂ ಸಣ್ಣ ದಿಬ್ಬಗಳಿರುತ್ತವೆ. 1.6 ಮಿಲಿಮೀಟರ್ ಎತ್ತರ. ಸವೆದು ಅವುಗಳ ಮಟ್ಟಕ್ಕೆ ಬಂದರೆ ಆ ಟೈರ್ ಮುಗಿಯಿತು. ಮಳೆಗಾಲ ಬರುವ ತನಕ ಕಾಯಬೇಡಿ.

ಇಂಜಿನ್ ಆಯಿಲ್ ನೋಡುವುದು ಸುಲಭ. ಸಮತಟ್ಟು ಜಾಗ, ತಣ್ಣನೆ ಇಂಜಿನ್, ಕಡ್ಡಿ ಎಳೆದು ಒರೆಸಿ ಮತ್ತೆ ಅದ್ದಿ ನೋಡಿದರೆ ಎರಡು ಗುರುತಿನ ನಡುವೆ ಇರಬೇಕು. ಬ್ಯಾಟರಿ ಟರ್ಮಿನಲ್ ಮೇಲೆ ಬೆಳ್ಳಗೆ ಪುಡಿ ಕಟ್ಟಿದರೆ ಮೊದಲು ಮೈನಸ್ ವೈರ್ ಬಿಚ್ಚಿ, ಅಡುಗೆ ಸೋಡಾ ಕಲಸಿದ ಬಿಸಿನೀರಿನಲ್ಲಿ ತೊಳೆದು, ಒಣಗಿಸಿ ವ್ಯಾಸಲೀನ್ ಹಚ್ಚುತ್ತೇನೆ. ನಮ್ಮ ಮನೆ ಹಿಂದೆ ತೆಂಗಿನ ತೋಟ ಇರುವುದರಿಂದ ಇಲಿ ಕಾಟ. ವೈರ್ ಕಡಿಯುತ್ತವೆ. ಹುಣಸೂರಿನ ನೆಂಟರು ಕೊಟ್ಟ ಹೊಗೆಸೊಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಬಾನೆಟ್ ಒಳಗೆ, ಬಿಸಿ ತಾಗದ ಕಡೆ ಇಡುತ್ತೇನೆ. ಪೂರ್ತಿ ನಿಂತಿಲ್ಲ, ಕಮ್ಮಿಯಾಗಿದೆ.

ಕೂಲೆಂಟ್ ವಿಷಯದಲ್ಲಿ ಮಾತ್ರ ಒಮ್ಮೆ ಪೆಟ್ಟು ತಿಂದಿದ್ದೇನೆ. ಒಂದು ಏಪ್ರಿಲ್‌ನಲ್ಲಿ ಮಾವನವರನ್ನು ತಪಾಸಣೆಗೆ ಮೈಸೂರಿಗೆ ಕರೆದುಕೊಂಡು ಹೋಗುತ್ತಿದ್ದೆ. ರಿಂಗ್ ರೋಡಿನಲ್ಲಿ ಟೆಂಪರೇಚರ್ ಮುಳ್ಳು ಮೇಲೇರತೊಡಗಿತು. ಹಿಂದಿನ ಸರ್ವಿಸ್‌ನಲ್ಲಿ ಯಾರೋ ಕೂಲೆಂಟ್ ಬದಲು ನಲ್ಲಿ ನೀರು ತುಂಬಿದ್ದರು. ನಮ್ಮ ಕಡೆಯ ಗಡಸು ನೀರಿಗೆ ಒಳಗೆಲ್ಲ ಉಪ್ಪು ಕಟ್ಟಿ, ತುಕ್ಕು ಹಿಡಿದಿತ್ತು. ಏಸಿ ಆಫ್ ಮಾಡಿ, ಹೀಟರ್ ಪೂರ್ತಿ ಹಾಕಿ, ಜಾಗ ಸಿಕ್ಕಿದ ಕಡೆ ನಿಲ್ಲಿಸಿ ಇಂಜಿನ್ ಆಫ್ ಮಾಡಿದೆ. ಹೀಟರ್ ಹಾಕಿದರೆ ಇಂಜಿನ್ನಿನ ಬಿಸಿ ಒಂದಷ್ಟು ಒಳಗಡೆಗೆ ಬರುತ್ತೆ. ಐದು ನಿಮಿಷ ಬೆವರಿದರೂ ಇಂಜಿನ್ ಉಳಿಯುತ್ತೆ. ಸಹಾಯಕ್ಕೆ ಬಂದ ಒಬ್ಬರು ರೇಡಿಯೇಟರ್ ಮುಚ್ಚಳ ತಿರುಗಿಸಲು ಕೈ ಹಾಕಿದರು. ನಾನು ಅವರ ಕೈಯನ್ನೇ ಹಿಡಿದುಕೊಂಡೆ. ಬಿಸಿಯಿದ್ದಾಗ ಆ ಮುಚ್ಚಳ ತೆಗೆದರೆ ಕುದಿಯುವ ನೀರು ಚಿಮ್ಮಿ ಮುಖ ಬೆಂದುಹೋಗುತ್ತದೆ. ಪೂರ್ತಿ ತಣ್ಣಗಾಗುವ ತನಕ ಮುಟ್ಟಲೇಬಾರದು. ಮಾವನವರನ್ನು ಆಟೋ ಹತ್ತಿಸಿ ಕಳಿಸಿದೆ, ಕಾರನ್ನು ಟೋ ಮಾಡಿಸಿದೆ.

ಮೈಸೂರು ಅಂದಮೇಲೆ ಚಾಮುಂಡಿ ಬೆಟ್ಟ. ಇಳಿಯುವಾಗ ಪೂರ್ತಿ ದಾರಿ ಬ್ರೇಕ್ ಮೇಲೆ ಕಾಲಿಟ್ಟು ಬರುವವರನ್ನು ನೋಡುತ್ತೇನೆ. ಕೆಳಗೆ ಬರುವಷ್ಟರಲ್ಲಿ ಸುಟ್ಟ ವಾಸನೆ ಬರುತ್ತಿರುತ್ತದೆ. ಎರಡನೇ ಗೇರ್‌ಗೆ ಹಾಕಿ ಇಳಿಸಿ, ಇಂಜಿನ್ನೇ ಕಾರನ್ನು ಹಿಡಿದುಕೊಳ್ಳುತ್ತೆ. ನ್ಯೂಟ್ರಲ್‌ನಲ್ಲಿ ಮಾತ್ರ ಬೇಡ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ತೇವ ಇದ್ದ ಆಯಿಲ್ ಬ್ರೇಕ್ ಕಾದಾಗ ಬೇಗ ಕುದಿದು, ಪೆಡಲ್ ಒತ್ತಿದರೆ ಸುಮ್ನೆ ಒಳಗೆ ಹೋಗುತ್ತೆ. ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅನ್ನುವುದು.

ಅತ್ತೆಯವರ ಸೀಟ್ ಬೆಲ್ಟ್ ಮಾತಿಗೆ ಬರುತ್ತೇನೆ. ನಮ್ಮ ಮನೆಯಲ್ಲಿ ಅತಿ ಹೆಚ್ಚು ದಿನ ತೆಗೆದುಕೊಂಡ ಕೆಲಸ ಇದೇ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಗಿದ್ದು ನಮ್ಮ ಮಂಡ್ಯದಲ್ಲೇ. ಆ ವರ್ಷ ಅದರ ಮೇಲೆ ಎಷ್ಟೊಂದು ಅಪಘಾತ ಆದವು ಅಂತ ಇಲ್ಲಿಯವರಿಗೆಲ್ಲ ಗೊತ್ತು. ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಬಿಡುವುದನ್ನು ನಿಲ್ಲಿಸಿದರು. ಕಾರಿಗೆ ಮಿತಿ ಗಂಟೆಗೆ 100 ಕಿಲೋಮೀಟರ್. ಬೋರ್ಡ್ ಮೇಲೆ ಲೆಕ್ಕ ಮಾಡಿ ಮಕ್ಕಳಿಗೆ ತೋರಿಸಿದ್ದೇನೆ: 100 ಅಂದರೆ ಒಂದು ಸೆಕೆಂಡಿಗೆ ಸುಮಾರು 28 ಮೀಟರ್. ಮೊಬೈಲ್ ಕಡೆ ಮೂರು ಸೆಕೆಂಡ್ ಕಣ್ಣು ಹಾಯಿಸಿದರೆ ಸುಮಾರು 84 ಮೀಟರ್ ಕಣ್ಣು ಮುಚ್ಚಿ ಓಡಿಸಿದ ಹಾಗೆ. ಮುಂದಿನ ವಾಹನಕ್ಕೂ ನನಗೂ ಮೂರು ಸೆಕೆಂಡಿನ ಅಂತರ ಇಡುವುದೂ ಇದೇ ಲೆಕ್ಕದ ಮೇಲೆ.

ಇಂಥ ರಸ್ತೆಯಲ್ಲಿ ಬೆಲ್ಟ್ ಹಾಕಿಕೊಳ್ಳಿ ಅಂದರೆ ಅತ್ತೆ ಹೇಳುತ್ತಿದ್ದುದು, 'ಹಿಂದೆ ಕೂತೋರಿಗೆ ಯಾಕವ್ವ ಬೆಲ್ಟು? ಕತ್ತು ಕುಯ್ಯುತ್ತೆ.' ಬೈದರೆ ಆಗುವ ಕೆಲಸ ಅಲ್ಲ ಅಂತ ಗೊತ್ತಿತ್ತು. ನೋಡಿದರೆ ಅವರು ಕೂರುತ್ತಿದ್ದುದು ನಡುವೆ. ಹಳೆಯ ಕಾರುಗಳಲ್ಲಿ ಅಲ್ಲಿ ಸೊಂಟದ ಪಟ್ಟಿ ಮಾತ್ರ ಇರುತ್ತೆ. ಅದನ್ನೂ ಸೀಟಿನ ಸಂದಿಗೆ ತುರುಕಿದ್ದರು. ಅವರನ್ನು ಎಡಗಡೆ ಕಿಟಕಿಗೆ ಕೂರಿಸಿದೆ. ಕೆಳಗಿನ ಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಬರಬೇಕು. ಮೇಲಿನದು ಹೆಗಲಿನ ನಡುವೆ. ಹಾಗೆ ಸರಿಪಡಿಸಿದ ಮೇಲೆ ಕತ್ತು ಕುಯ್ಯುವುದು ನಿಂತಿತು. 'ನೀವು ಹಾಕದಿದ್ರೆ ಗುದ್ದಿದಾಗ ಬಂದು ಬೀಳೋದು ನಿಮ್ಮ ಮಗನ ಮೇಲೇ ಅತ್ತೆ' ಅಂದೆ. ಅಂದಿನಿಂದ ಹಾಕಿಕೊಳ್ಳುತ್ತಿದ್ದಾರೆ. ಸಣ್ಣವನಿಗೆ ಬೂಸ್ಟರ್ ಸೀಟು ಇದೆ, ಮುಂದೆ ತೊಡೆಯ ಮೇಲೆ ಕೂರಿಸುವುದಿಲ್ಲ. ಏರ್‌ಬ್ಯಾಗ್ ಬಿಚ್ಚಿಕೊಂಡರೆ ಮೊದಲು ಹೊಡೆಯುವುದು ಮಗುವಿಗೆ. ಬೀಗರ ಊಟಕ್ಕೆ ಒಂದೇ ಕಾರಿನಲ್ಲಿ ಎಂಟು ಜನ ಹೋಗುವುದನ್ನೂ ಬಿಟ್ಟಿದ್ದೇವೆ. ಉಳಿದವರು ಬಸ್ಸಿನಲ್ಲಿ ಬರುತ್ತಾರೆ.

ಎಕ್ಸ್‌ಪ್ರೆಸ್‌ವೇಯಲ್ಲಿ ಕೆಟ್ಟರೆ ಪೂರ್ತಿ ಎಡಕ್ಕೆ ಹಾಕಿ ನಾಲ್ಕೂ ಇಂಡಿಕೇಟರ್ ಹಾಕಿ, ಎಡಬಾಗಿಲಿನಿಂದ ಇಳಿದು ಕಬ್ಬಿಣದ ತಡೆಯ ಆಚೆ ನಿಲ್ಲಿ. ಹೆದ್ದಾರಿ ಸಹಾಯವಾಣಿ 1033. ಕಾರಿನೊಳಗೆ ಕೂತು ಕಾಯುವುದು ಬೇಡವೇ ಬೇಡ.

ನಾಲೆ ಏರಿಯ ರಸ್ತೆಗಳಲ್ಲಿ ಕತ್ತಲಾದ ಮೇಲೆ ನಾನು ಹೋಗುವುದಿಲ್ಲ. 2018ರ ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಬಿದ್ದು 30 ಜನ ಹೋದರು. ಹಗಲು ಹೊತ್ತಿನಲ್ಲೇ. ಶಾಲೆಯಿಂದ ಮನೆಗೆ ಹೋಗುತ್ತಿದ್ದ ಮಕ್ಕಳೂ ಇದ್ದರು. ನಮ್ಮ ಸ್ಟಾಫ್ ರೂಮಿನಲ್ಲಿ ಅಂದು ಯಾರೂ ಮಾತಾಡಲಿಲ್ಲ. ಗಾಜು ಒಡೆಯುವ ಸಣ್ಣ ಸುತ್ತಿಗೆಯನ್ನು ನಾನು ಡಿಕ್ಕಿಯಲ್ಲಿ ಇಡುವುದಿಲ್ಲ, ಕೈಗೆ ಸಿಗುವ ಹಾಗೆ ಡ್ರೈವರ್ ಬಾಗಿಲಲ್ಲಿ ಇಟ್ಟಿದ್ದೇನೆ. ನೀರಿಗೆ ಬಿದ್ದರೆ ಬೆಲ್ಟ್ ಬಿಚ್ಚಿ, ಕಿಟಕಿ ಇಳಿಸಿ, ಮಕ್ಕಳನ್ನು ಮೊದಲು ಹೊರಗೆ ತಳ್ಳಬೇಕು. ಕಿಟಕಿ ಇಳಿಯದಿದ್ದರೆ ಪಕ್ಕದ ಗಾಜಿನ ಮೂಲೆಗೆ ಹೊಡೆಯಬೇಕು. ಮುಂದಿನ ಗಾಜಿಗೆ ಹೊಡೆದು ಪ್ರಯೋಜನ ಇಲ್ಲ, ಅದು ಎರಡು ಪದರ ಅಂಟಿಸಿದ ಗಾಜು, ಒಡೆದರೂ ಬಿಟ್ಟುಕೊಳ್ಳೋದಿಲ್ಲ. ಕಬ್ಬು ಕಟಾವಿನ ತಿಂಗಳಲ್ಲಿ ಯಾವ ಹಳ್ಳಿ ರಸ್ತೆಯಲ್ಲೂ ರಾತ್ರಿ ಓಡಿಸುವುದಿಲ್ಲ. ಹಿಂದೆ ದೀಪವಿಲ್ಲದ ಟ್ರೇಲರ್ ಹತ್ತಿರ ಹೋಗುವ ತನಕ ಕಾಣುವುದೇ ಇಲ್ಲ.

ವರ್ಷದ ಲೆಕ್ಕಕ್ಕೆ ಆಯುಧ ಪೂಜೆಯ ದಿನ ಇಟ್ಟುಕೊಂಡಿದ್ದೇನೆ. ಕಾರು ತೊಳೆಯುವ ಮೊದಲು ನೋಟ್‌ಬುಕ್ ತೆಗೆದು ಇನ್ಶೂರೆನ್ಸ್, ಹೊಗೆ ತಪಾಸಣೆ, ಬ್ಯಾಟರಿ, ಬ್ರೇಕ್ ಆಯಿಲ್, ವೈಪರ್ ರಬ್ಬರ್ ಎಲ್ಲದರ ತಾರೀಕು ನೋಡುತ್ತೇನೆ. ಬಾನೆಟ್ ಒಳಗೆ ಪೈಪಿನಿಂದ ನೀರು ಹೊಡೆಯುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ಪೂಜೆ ಆದಮೇಲೆ ಗಾಜಿನ ಮೇಲಿನ ಅರಿಶಿನ ಕುಂಕುಮ ಒರೆಸಿ, ಕಣ್ಣಿಗೆ ಅಡ್ಡ ಬರುವ ಹಾರ ಬಿಚ್ಚಿ, ಮಗಳ ಕೈಗೆ ಪೊರಕೆ ಕೊಡುತ್ತೇನೆ. ಒಡೆದ ಬೂದುಗುಂಬಳದ ಹೋಳುಗಳನ್ನು ನಾವಿಬ್ಬರೂ ರಸ್ತೆಯಿಂದ ಗುಡಿಸಿ ತೆಗೆದು, ಅಲ್ಲಿಗೆ ಎರಡು ಚೆಂಬು ನೀರು ಹುಯ್ಯುತ್ತೇವೆ. ಬೈಕಿನವರು ಜಾರದಿರಲಿ ಅಂತ. ಆಮೇಲೆ ಎಲ್ಲರೂ ಬೆಲ್ಟ್ ಹಾಕಿಕೊಂಡು ಊರಲ್ಲಿ ಒಂದು ಸುತ್ತು ಹೋಗಿ ಬರುತ್ತೇವೆ.