ಫಿನ್ನಿಷ್ ಪ್ರಶ್ನೆವಾಕ್ಯ: ‘ಕೊ’ ಅಂಟಿದ ಪದಕ್ಕೆ ಮೊದಲ ಜಾಗ

ಫಿನ್ನಿಷ್‌ನಲ್ಲಿ ಪ್ರಶ್ನೆ ಕಟ್ಟುವುದರಲ್ಲಿ ಅರ್ಧ ಭಾಗ ಕನ್ನಡಿಗರಿಗೆ ಮೊದಲೇ ಗೊತ್ತು. ನಾವು ‘ಕೊಂಡನಾ?’ ಎಂದು ‘ಆ’ ಹಚ್ಚುವಂತೆ ಅವರು ‘ಕೊ’ ಹಚ್ಚುತ್ತಾರೆ. ತೊಂದರೆಯೆಲ್ಲ ಉಳಿದರ್ಧದಲ್ಲಿ. ನಮ್ಮ ‘ಆ’ ಅಂಟಿದ ಪದ ಇದ್ದಲ್ಲೇ ಇರಬಹುದು, ಅವರ ‘ಕೊ’ ಅಂಟಿದ ಪದ ವಾಕ್ಯದ ತಲೆಗೆ ಹೋಗಲೇಬೇಕು.

ನಾನು ಯಾವಾಗಲೂ ಸಾದಾ ಹೇಳಿಕೆಯಿಂದ ಶುರು ಮಾಡುತ್ತೇನೆ: ‘ಪೆಕ್ಕ ಒಸ್ತಿ ಔತೊನ್’, ಅಂದರೆ ಪೆಕ್ಕ ಕಾರು ಕೊಂಡ. ಏನನ್ನು ಕೇಳಬೇಕೋ ಆ ಪದವನ್ನು ಗುರುತಿಸಿ, ‘ಕೊ’ ಹಚ್ಚಿ, ಮುಂದಕ್ಕೆ ಎಳೆದು, ಉಳಿದದ್ದನ್ನು ಮುಟ್ಟದೆ ಬಿಡುತ್ತೇನೆ. ಕೊಂಡನೋ ಇಲ್ಲವೋ ಎಂಬುದಷ್ಟೇ ಬೇಕಿದ್ದರೆ ಕ್ರಿಯಾಪದ ಮುಂದೆ: ‘ಒಸ್ತಿಕೊ ಪೆಕ್ಕ ಔತೊನ್?’ ಕೊಂಡದ್ದು ಕಾರನ್ನಾ ಎಂದಾದರೆ ‘ಔತೊನ್‌ಕೊ ಪೆಕ್ಕ ಒಸ್ತಿ?’ ಕೊಂಡದ್ದು ಪೆಕ್ಕನಾ ಎಂದಾದರೆ ‘ಪೆಕ್ಕಕೊ ಒಸ್ತಿ ಔತೊನ್?’ ಕನ್ನಡದ ಅಭ್ಯಾಸದಲ್ಲಿ ‘ಪೆಕ್ಕ ಔತೊನ್‌ಕೊ ಒಸ್ತಿ’ ಎಂದರೆ ವಾಕ್ಯವೇ ಕೆಡುತ್ತದೆ. ‘ಪೆಕ್ಕ ಒಸ್ತಿಕೊ ಔತೊನ್’ ಕೂಡ ಅಷ್ಟೇ. ‘ಹೊಸ ಕಾರು’ ಎಂಬಂಥ ಪದಗುಚ್ಛವಾದರೆ ‘ಕೊ’ ಸಾಮಾನ್ಯವಾಗಿ ಮೊದಲ ಪದಕ್ಕೇ ಅಂಟುತ್ತದೆ, ಗುಚ್ಛವಿಡೀ ಮುಂದೆ ಬರುತ್ತದೆ: ‘ಊದೆನ್‌ಕೊ ಔತೊನ್ ಪೆಕ್ಕ ಒಸ್ತಿ?’

ಈ ಮೊದಲ ಜಾಗಕ್ಕೆ ಭಾಷಾವಿಜ್ಞಾನಿ ಮರಿಯ ವಿಲ್ಕುನ 1989ರಲ್ಲಿ ಕೊಟ್ಟ ಹೆಸರು ಕೆ. ಅದರ ನಂತರ ಮಾತಿನ ವಿಷಯ ಕೂರುವ ಟಿ, ಆಮೇಲೆ ಕ್ರಿಯಾಪದವೂ ಮಿಕ್ಕದ್ದೂ ಇರುವ ವಿ. ಕಾಗದದ ಮೇಲೆ ಮೂರು ಖಾನೆ ಎಳೆದು ತುಂಬಿಸಿದರೆ ಮುಕ್ಕಾಲು ತಪ್ಪು ಕಣ್ಣಿಗೇ ಬೀಳುತ್ತದೆ.

ಯಾರು, ಏನು ಪ್ರಶ್ನೆಗಳಲ್ಲಿ ಪ್ರಶ್ನಪದವೇ ಕೆ ಖಾನೆಗೆ ಹೋಗುವುದರಿಂದ ‘ಕೊ’ ಬೇಡ: ‘ಮಿತ್ಯಾ ಪೆಕ್ಕ ಒಸ್ತಿ?’, ಅಂದರೆ ಪೆಕ್ಕ ಏನು ಕೊಂಡ? ಇಂಗ್ಲಿಷ್ ಮೂಲಕ ಕಲಿತವರು ಇಲ್ಲಿ ಕ್ರಿಯಾಪದವನ್ನೂ ಪೆಕ್ಕನ ಮುಂದೆ ತಳ್ಳುತ್ತಾರೆ. ಅದು ಬೇಕಿಲ್ಲ, ಕರ್ತೃ ಟಿ ಖಾನೆಯಲ್ಲೇ ಇರಲಿ. ಕನ್ನಡದಂತೆ ಪ್ರಶ್ನಪದವನ್ನು ಹಿಂದೆಯೇ ಬಿಟ್ಟು ‘ಪೆಕ್ಕ ಒಸ್ತಿ ಮಿತ್ಯಾ?’ ಎಂದರೆ ‘ಏನು ಕೊಂಡ ಅಂದ್ರಿ?’ ಎಂದು ಮತ್ತೆ ಕೇಳಿದಂತಾಗುತ್ತದೆ. ಎರಡು ಪ್ರಶ್ನಪದಗಳಿದ್ದರೆ ಒಂದು ಮಾತ್ರ ಮುಂದೆ ಬಂದರೆ ಸಾಕು: ‘ಕುಕ ಒಸ್ತಿ ಮಿತ್ಯಾ?’, ಅಂದರೆ ಯಾರು ಏನು ಕೊಂಡರು?

ಪದ ಒಳವಾಕ್ಯದಿಂದ ಎದ್ದು ಬಂದಿದ್ದರೆ ವಿಭಕ್ತಿಯೇ ಅದರ ಊರು ಹೇಳುತ್ತದೆ. ‘ಕೆನೆಲ್ತ್ಯಾ ಪೆಕ್ಕ ಸನೊಯ್, ಎತ್ತ್ಯಾ ಮತ್ತಿ ಒಸ್ತಿ ಔತೊನ್?’ ಎಂದರೆ ಮತ್ತಿ ಯಾರಿಂದ ಕಾರು ಕೊಂಡ ಎಂದು ಪೆಕ್ಕ ಹೇಳಿದ? ‘ಯಾರಿಂದ’ ಎಂಬ ವಿಭಕ್ತಿಯನ್ನು ಕೇಳುವುದು ‘ಕೊಂಡ’, ‘ಹೇಳಿದ’ ಅಲ್ಲ. ಅದನ್ನೇ ‘ಕೆನೆಲ್ಲೆ’ ಮಾಡಿದರೆ, ಪೆಕ್ಕ ಯಾರಿಗೆ ಹೇಳಿದ ಎಂಬ ಅರ್ಥವೇ ಮೊದಲು ಹೊಳೆಯುತ್ತದೆ. ಮುಂದಕ್ಕೆ ಎಳೆಯುವ ಮೊದಲೇ, ಪದ ಮೂಲ ಜಾಗದಲ್ಲಿರುವಾಗಲೇ ವಿಭಕ್ತಿ ಹಚ್ಚಿಬಿಡುವುದು ಕ್ಷೇಮ.

ನಿಷೇಧದಲ್ಲಿ ಎರಡು ಕಡೆ ಕೈತಪ್ಪುತ್ತದೆ. ಫಿನ್ನಿಷ್‌ನ ‘ಇಲ್ಲ’ ಪುರುಷಕ್ಕೆ ತಕ್ಕಂತೆ ರೂಪ ಬದಲಿಸುವ ಕ್ರಿಯಾಪದ, ಹಾಗಾಗಿ ಮುಂದೆ ಹೋಗುವುದು ಅದೇ: ‘ಎಯ್‌ಕ್ಯೊ ಪೆಕ್ಕ ಒಸ್ತನುತ್ ಔತೊಅ?’, ಅಂದರೆ ಪೆಕ್ಕ ಕಾರು ಕೊಳ್ಳಲಿಲ್ಲವಾ? ಕರ್ಮವೂ ‘ಔತೊನ್’ ಇದ್ದದ್ದು ‘ಔತೊಅ’ ಆಗಿದೆ ನೋಡಿ. ನಿಷೇಧವಾಕ್ಯದ ಕರ್ಮಕ್ಕೆ ಅಂಶವಿಭಕ್ತಿ (ಇಂಗ್ಲಿಷ್‌ನಲ್ಲಿ ಪಾರ್ಟಿಟಿವ್) ಕಡ್ಡಾಯ. ಇಲ್ಲಿ ‘ಕೊ’ ಬದಲು ‘ಕ್ಯೊ’ ಬಂದದ್ದು ಸ್ವರಸಾಮರಸ್ಯದಿಂದ: ಪದದಲ್ಲಿ ಅ, ಒ, ಉ ಇದ್ದರೆ ‘ಕೊ’, ಇಲ್ಲವಾದರೆ ‘ಕ್ಯೊ’, ಬರೀ ಎ, ಇ ಇದ್ದರೂ ‘ಕ್ಯೊ’. ಈ ‘ಕ್ಯೊ’ದಲ್ಲಿ ಯಕಾರ ಓದಬೇಡಿ. ನಾಲಿಗೆ ‘ಎ’ ಜಾಗದಲ್ಲಿ, ತುಟಿ ‘ಒ’ ಆಕಾರದಲ್ಲಿ.

ಪರೋಕ್ಷ ಪ್ರಶ್ನೆಗೆ ಹೊಸ ನಿಯಮವಿಲ್ಲ. ‘ಎನ್ ತಿಯೆದ್ಯಾ, ಒಸ್ತಿಕೊ ಪೆಕ್ಕ ಔತೊನ್’, ಕೊಂಡನೋ ಇಲ್ಲವೋ ಗೊತ್ತಿಲ್ಲ. ಉತ್ತರವಂತೂ ನಮ್ಮದೇ ದಾಟಿ. ಕ್ರಿಯಾಪದ ಮರಳಿಸಿ ‘ಒಸ್ತಿ’ ಎಂದರೆ ಹೌದು, ‘ಎಯ್ ಒಸ್ತನುತ್’ ಎಂದರೆ ಇಲ್ಲ.

ಆಡುಮಾತಿನಲ್ಲಿ ಈ ‘ಕೊ’ ಸವೆದು ‘ಕ್ಸ್’ ಆಗುತ್ತದೆ: ‘ಒಸ್ತಿಕ್ಸ್ ಪೆಕ್ಕ ಔತೊನ್?’ ‘ನೀನು ಕೊಂಡೆಯಾ’ ಎನ್ನುವ ‘ಒಸ್ತಿತ್ಕೊ ಸಿನ್ಯಾ’ ಕುಗ್ಗಿ ‘ಒಸ್ತಿತ್ಸ್ಯಾ’ ಆದಾಗ ಪ್ರತ್ಯಯ ಪೂರ್ತಿ ಮಾಯ. ಪ್ರಶ್ನೆಗೆ ದನಿ ಏರಿಸುವ ವಾಡಿಕೆಯೂ ಅವರಲ್ಲಿ ನಮ್ಮಷ್ಟಿಲ್ಲ, ಹಾಗಾಗಿ ಕೇಳುವಾಗ ಕ್ರಿಯಾಪದ ಕರ್ತೃವಿಗಿಂತ ಮುಂದೆ ಬಂತೇ ಎಂಬುದರ ಮೇಲೆಯೇ ಕಿವಿ ಇಡಬೇಕು.