ಬೈಕಿಗೆ ಟೂಲ್ ಬಾಕ್ಸ್: ತಗಡಿಗಿಂತ ಮೊದಲು ರಟ್ಟು ಕತ್ತರಿಸಿ

ನನ್ನ ಮೊದಲ ಟೂಲ್ ಬಾಕ್ಸ್ ಕೈಕೊಟ್ಟಿದ್ದು ಚೋರ್ಲಾ ಘಾಟಿನಲ್ಲಿ, ಜೋರು ಮಳೆಯಲ್ಲಿ. ಪೆಟ್ಟಿಗೆ ಗಟ್ಟಿಯಾಗೇ ಇತ್ತು. ಅದನ್ನು ಹಿಡಿದಿದ್ದ ಪಟ್ಟಿ ಮಾತ್ರ ವೆಲ್ಡಿಂಗ್ ಪಕ್ಕದಲ್ಲೇ ಸೀಳಿತ್ತು. ಮುಚ್ಚಳ ತೆಗೆದರೆ ಒಳಗೆ ಎರಡು ಬೆರಳು ನೀರು, ಪಾನಾಗಳಿಗೆಲ್ಲ ತುಕ್ಕು. ಎರಡನೆಯದನ್ನು ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಎದುರಿಗೆ ನಿಂತು ಮಾಡಿಸಿದೆ.

ಮೊದಲು ರಟ್ಟಿನಲ್ಲಿ ಬಾಕ್ಸ್ ಮಾಡಿ, ಟೇಪ್ ಸುತ್ತಿ, ಬೈಕಿಗೆ ಕಟ್ಟಿ ನೋಡಿ. ಹಿಂದೆ ಒಬ್ಬರನ್ನು ಕೂರಿಸಿ, ಸಸ್ಪೆನ್ಷನ್ ಪೂರ್ತಿ ಒತ್ತಿ, ಚಕ್ರ, ಚೈನ್, ಸೈಲೆನ್ಸರ್ ಯಾವುದಾದರೂ ತಾಗುತ್ತದಾ ಅಂತ ಬಗ್ಗಿ ನೋಡಿ. ಭಾರ ಎಷ್ಟು ಕೆಳಗೆ, ಎಷ್ಟು ಬೈಕಿನ ನಡುವೆ ಇದ್ದರೆ ಅಷ್ಟು ಒಳ್ಳೆಯದು. ಸೈಲೆನ್ಸರ್ ಇಲ್ಲದ ಬದಿಯೇ ವಾಸಿ.

ನನ್ನದು 300 ಮಿ.ಮೀ. ಉದ್ದ, 200 ಎತ್ತರ, 100 ಅಗಲ. ಇದೇ ಅಳತೆಯನ್ನು 1.2 ಮಿ.ಮೀ. ಕಬ್ಬಿಣದ ಶೀಟಿನಲ್ಲಿ ಮಾಡಿದರೆ ಖಾಲಿ ಪೆಟ್ಟಿಗೆಯೇ ಸುಮಾರು 2 ಕೆ.ಜಿ., 2 ಮಿ.ಮೀ. ಅಲ್ಯೂಮಿನಿಯಂನಲ್ಲಾದರೆ 1.2 ಕೆ.ಜಿ. ಆಸುಪಾಸು. ಅಲ್ಯೂಮಿನಿಯಂ ತರುವಾಗ 5052 ಗ್ರೇಡ್ ಅಂತಲೇ ಕೇಳಿ. 6061 ಅನ್ನೋ ಇನ್ನೊಂದು ಗ್ರೇಡ್ ಗಟ್ಟಿ ಹೌದು, ಆದರೆ ಚೂಪಾಗಿ ಬಗ್ಗಿಸಿದರೆ ಮೂಲೆಯಲ್ಲಿ ಬಿರುಕು ಬಿಡುತ್ತದೆ. 5052 ಆದರೂ ಬೆಂಡಿನ ಒಳಗಿನ ದುಂಡು ಕಡಿಮೆ ಅಂದ್ರೂ ಶೀಟಿನ ದಪ್ಪದಷ್ಟು ಇರಲಿ. ಮೂಲೆಗಳಿಗೆ ಆರ್ಗಾನ್ ವೆಲ್ಡಿಂಗ್ ಹಾಕಿಸಿ. ಸುಮ್ನೆ ರಿವೆಟ್ ಹೊಡೆದರೆ ಅದುರಿ ಅದುರಿ ಸಡಿಲ ಆಗುತ್ತವೆ, ನೀರೂ ಒಳಗೆ ಬರುತ್ತದೆ.

ಇನ್ನು ಪಟ್ಟಿ. ಫ್ರೇಮಿಗೆ ವೆಲ್ಡ್ ಮಾಡಿಸಲೇಬೇಡಿ, ಅಲ್ಲಿರುವ ಬೋಲ್ಟಿನ ತೂತುಗಳನ್ನೇ ಬಳಸಿ. ಪಟ್ಟಿಗೆ 4 ಮಿ.ಮೀ. ಕಬ್ಬಿಣ ಸಾಕು, ಆದರೆ ಎರಡು ಕಡೆ ಅಲ್ಲ, ಮೂರು ಕಡೆ ಹಿಡಿಯಬೇಕು. ನನ್ನ ಹಳೆಯದು ಎರಡೇ ಕಡೆ ನಿಂತಿತ್ತು, ಪ್ರತಿ ಗುಂಡಿಗೂ ಪೆಟ್ಟಿಗೆ ತೂಗಾಡಿ ಕೊನೆಗೆ ವೆಲ್ಡಿಂಗ್ ಪಕ್ಕವೇ ದಣಿದು ಸೀಳಿತು. ಬಾಕ್ಸಿಗೂ ಪಟ್ಟಿಗೂ ನಡುವೆ ರಬ್ಬರ್ ವಾಷರ್, ಬೋಲ್ಟಿಗೆ ನೈಲಾಕ್ ನಟ್ (ಒಳಗೆ ನೈಲಾನ್ ಉಂಗುರ ಇರುವ, ಅದುರಿದರೂ ಸಡಿಲವಾಗದ ನಟ್). ಅಲ್ಯೂಮಿನಿಯಂಗೆ ಕಬ್ಬಿಣ ನೇರವಾಗಿ ತಾಗಿ ನೀರು ಬಿದ್ದರೆ ಅಲ್ಯೂಮಿನಿಯಂ ಬೆಳ್ಳಗೆ ಪುಡಿಯಾಗುತ್ತದೆ, ಹಾಗಾಗಿ ರಬ್ಬರ್ ಅಲ್ಲಿ ಎರಡು ಕೆಲಸ ಮಾಡುತ್ತದೆ: ಅದುರೋದನ್ನು ತಗ್ಗಿಸುತ್ತದೆ, ಎರಡು ಲೋಹ ತಾಗದಂತೆಯೂ ತಡೆಯುತ್ತದೆ.

ಮುಚ್ಚಳದ ಅಂಚು ಪೆಟ್ಟಿಗೆಯ ಹೊರಗಿನಿಂದ 15 ಮಿ.ಮೀ. ಆದರೂ ಕೆಳಗೆ ಇಳಿದಿರಲಿ, ಹಂಚು ಹಂಚಿನ ಮೇಲೆ ಕೂತ ಹಾಗೆ. ಒಳಗೆ ರಬ್ಬರ್ ಬೀಡಿಂಗ್, ಅಂದರೆ ಅಂಚಿಗೆ ಕೂರಿಸುವ ರಬ್ಬರ್ ಪಟ್ಟಿ. ತಳದಲ್ಲಿ 5 ಮಿ.ಮೀ.ದು ಒಂದು ತೂತು ಬೇಕೇ ಬೇಕು, ಎಷ್ಟೇ ಬಿಗಿ ಮಾಡಿದರೂ ಒಂದಿಷ್ಟು ನೀರು ಬರುತ್ತದೆ, ಹೋಗೋಕೆ ದಾರಿ ಬೇಕಲ್ವಾ? ತೂತೆಲ್ಲ ಕೊರೆದ ಮೇಲೆಯೇ ಪೌಡರ್ ಕೋಟಿಂಗ್‌ಗೆ ಕೊಡಿ. ಅದರಲ್ಲಿ ಬಣ್ಣದ ಪುಡಿ ಸಿಂಪಡಿಸಿ ಒಲೆಯಲ್ಲಿ ಬೇಯಿಸುತ್ತಾರೆ, ಒಲೆ 180ರಿಂದ 200 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಬೀಡಿಂಗ್ ಹಚ್ಚೋದು ಅದಾದ ನಂತರ.

ಹಳೆಯ ಟ್ಯೂಬ್ ಕತ್ತರಿಸಿ ತಳಕ್ಕೆ ಹಾಸಿ, ಪಾನಾಗಳನ್ನು ಬಟ್ಟೆಯಲ್ಲಿ ಸುತ್ತಿಡಿ. ಮೊದಲ 100 ಕಿ.ಮೀ. ಓಡಿಸಿದ ಮೇಲೆ ಎಲ್ಲ ಬೋಲ್ಟನ್ನೂ ಮತ್ತೊಮ್ಮೆ ಬಿಗಿ ಮಾಡಿ. ರಬ್ಬರ್ ಅಷ್ಟರಲ್ಲಿ ಸ್ವಲ್ಪ ಕೂತಿರುತ್ತದೆ.