ಕಾಲು ಮುರಿದ ಕರಿಯನನ್ನು ನಾಲ್ಕು ದಿನ ಬಿಟ್ಟು ಹೋದದ್ದು

ನಮ್ಮ ಕರಿಯ ಬೀದಿಯಿಂದ ಬಂದ ನಾಡುನಾಯಿ. ವಯಸ್ಸು ಸುಮಾರು ನಾಲ್ಕು, ತೂಕ 18 ಕಿಲೋ. ಕಳೆದ ಆಷಾಢದಲ್ಲಿ ಮೈಸೂರಿನ ನಮ್ಮ ಮನೆಯ ಗೇಟಿನ ಎದುರೇ ಸ್ಕೂಟರ್ ತಾಗಿ ಅವನ ಬಲ ಮುಂಗಾಲು ಮುರಿಯಿತು. ಮುಂಗಾಲಿನ ಎರಡು ಮೂಳೆಗಳಲ್ಲಿ ಒಂದು ಮಾತ್ರ ಮುರಿದು ಇನ್ನೊಂದು ಗಟ್ಟಿಯಾಗಿಯೇ ಉಳಿದಿದ್ದರಿಂದ, ಶಸ್ತ್ರಚಿಕಿತ್ಸೆ ಬೇಡ, ದಬ್ಬೆ ಕಟ್ಟಿ ಆರು ವಾರ ಓಡದಂತೆ, ಹಾರದಂತೆ ನೋಡಿಕೊಂಡರೆ ಕೂಡಿಕೊಳ್ಳುತ್ತದೆ ಎಂದು ಎಕ್ಸ್-ರೇ ನೋಡಿದ ಪಶುವೈದ್ಯರು ಹೇಳಿದರು. ಹಾಗೆ ಕಟ್ಟಿಸಿಕೊಂಡು ಬಂದು ಹನ್ನೆರಡು ದಿನವಾಗುವಷ್ಟರಲ್ಲಿ ಸಾಗರದ ಕಡೆಯ ನಮ್ಮ ಊರಿನಲ್ಲಿ ತಂದೆಯವರ ವರ್ಷಾಂತಿಕ ಬಂತು. ನಾನೂ ನನ್ನ ಹೆಂಡತಿಯೂ ಇಬ್ಬರೂ ಹೋಗದೆ ಆಗುವಂತಿರಲಿಲ್ಲ.

ಅವನನ್ನು ಜೊತೆಗೆ ಕರೆದೊಯ್ಯುವ ಯೋಚನೆಯೂ ಬಂದಿತ್ತು. ಆದರೆ ತಾಳಗುಪ್ಪದ ರೈಲಿನಲ್ಲಿ ನಾಯಿಯನ್ನು ಒಯ್ಯಬೇಕೆಂದರೆ ಮೊದಲ ದರ್ಜೆಯ ಕೂಪೆ ಪೂರ್ತಿಯಾಗಿ ನಮ್ಮದಾಗಬೇಕು, ಇಲ್ಲವೇ ಅದನ್ನು ಗಾರ್ಡಿನ ಡಬ್ಬಿಯಲ್ಲಿರುವ ಪೆಟ್ಟಿಗೆಯಲ್ಲಿ ಕೂಡಿಹಾಕಬೇಕು. ಮುರಿದ ಕಾಲಿನ ಪ್ರಾಣಿಗೆ ಎರಡನೆಯದು ಶಿಕ್ಷೆಯೇ ಸರಿ, ಮೊದಲನೆಯದು ನಮಗೆ ಸಿಗಲಿಲ್ಲ. ನಾಯಿಗಳನ್ನು ಇಟ್ಟುಕೊಳ್ಳುವ ಎರಡು ಬೋರ್ಡಿಂಗ್‌ಗಳಲ್ಲಿ ವಿಚಾರಿಸಿದೆ. ಒಂದರವರು ಗಾಯದ ನಾಯಿ ಬೇಡವೆಂದರು. ಇನ್ನೊಂದರವರು ಏನನ್ನೂ ಕೇಳದೆ ಒಪ್ಪಿಕೊಂಡರು. ಅದನ್ನು ಕಂಡೇ ನಾನು ಹಿಂದೆ ಸರಿದೆ. ಕೊನೆಗೆ ಪರಿಚಿತರೊಬ್ಬರ ಮೂಲಕ, ತಮ್ಮ ಮನೆಯಲ್ಲಿಯೇ ಒಂದು ಸಲಕ್ಕೆ ಒಂದೇ ನಾಯಿಯನ್ನು ಇಟ್ಟುಕೊಂಡು ನೋಡಿಕೊಳ್ಳುವ, ನಿವೃತ್ತ ಶಿಕ್ಷಕಿಯೊಬ್ಬರು ಸಿಕ್ಕರು.

ಅವರ ಮನೆಗೆ ಹೋದಾಗ ಅವರಿಗಿಂತ ಮೊದಲು ನಾನು ನೋಡಿದ್ದು ನೆಲವನ್ನು. ವಿಟ್ರಿಫೈಡ್ ಟೈಲ್ಸ್ ಮೇಲೆ ಮೂರು ಕಾಲಿನ ನಾಯಿ ಜಾರಿದರೆ ಕೂಡಿಕೊಳ್ಳುತ್ತಿರುವ ಮೂಳೆ ಮತ್ತೆ ಸರಿದುಹೋಗುತ್ತದೆ. ಮನೆ ನೆಲಮಹಡಿಯಲ್ಲಿತ್ತು, ಬಾಗಿಲಿಗೆ ಒಂದೇ ಮೆಟ್ಟಿಲು. ಆದರೆ ಒಳಗೆಲ್ಲ ನುಣ್ಣನೆಯ ಟೈಲ್ಸ್. ನಮ್ಮ ಮನೆಯ ಎರಡು ಯೋಗ ಮ್ಯಾಟ್‌ಗಳ ಜೊತೆಗೆ ಹಳೆಯ ಜಮಖಾನೆಯನ್ನೂ ಒಯ್ದು, ಅವನು ಮಲಗುವ ಮೂಲೆಯಿಂದ ಹಿತ್ತಿಲ ಬಾಗಿಲವರೆಗೆ ಹಾಸಿ ಬಂದೆವು. ಮೇಡಂ ಅದಕ್ಕೆ ಬೇಸರಪಟ್ಟುಕೊಳ್ಳಲಿಲ್ಲ. "ಕಚ್ಚುತ್ತಾನಾ?" ಎಂದು ಕೇಳಿದರು. ಇಂಥ ಪ್ರಶ್ನೆಗೆ ನಾಯಿ ಸಾಕಿದವರೆಲ್ಲ ಸಾಮಾನ್ಯವಾಗಿ ಸುಳ್ಳು ಹೇಳುತ್ತೇವೆ. ಎಂದೂ ಯಾರನ್ನೂ ಕಚ್ಚದ ಕರಿಯ, ಬ್ಯಾಂಡೇಜ್ ಬದಲಿಸುವಾಗ ಕಾಂಪೌಂಡರ್ ಕೈಗೆ ಬಾಯಿ ಹಾಕಿದ್ದನ್ನು ನಾನು ಹೇಳಿಬಿಟ್ಟೆ. ನೋವಿರುವ ಜಾಗವನ್ನು ಮುಟ್ಟುವ ಮೊದಲು ಬಾಯಿಪಟ್ಟಿ ಹಾಕಬೇಕೆಂದೂ ಹೇಳಿ, ರೇಬೀಸ್ ಲಸಿಕೆಯ ಕಾರ್ಡನ್ನು ಕೈಗೆ ಕೊಟ್ಟೆ. ಹೊರಡುವುದಕ್ಕೆ ಮೂರು ದಿನ ಮೊದಲು ಒಂದು ರಾತ್ರಿ ಅವನನ್ನು ಅಲ್ಲಿ ಬಿಟ್ಟು ನೋಡಿದೆವು. ನನ್ನ ಹಳೆಯ ಪಂಚೆಯನ್ನು ಒಗೆಯದೆ ಕೊಟ್ಟಿದ್ದೆ. ಅದರ ಮೇಲೆ ಮೂತಿಯಿಟ್ಟು ಮಲಗಿದನಂತೆ.

ಆ ದಿನಗಳಲ್ಲಿ ನಾನು ಅತಿ ಹೆಚ್ಚು ಹೊತ್ತು ಕೂತು ಕಲಿಸಿದ್ದು ಬೆರಳು ನೋಡುವುದನ್ನು. ದಬ್ಬೆ ಕಟ್ಟಿದ ಬ್ಯಾಂಡೇಜಿನ ತುದಿಯಲ್ಲಿ ಪಾದದ ನಡುವಿನ ಎರಡು ಬೆರಳುಗಳನ್ನು ವೈದ್ಯರು ಬೇಕೆಂದೇ ಹೊರಗೆ ಬಿಟ್ಟಿರುತ್ತಾರೆ. ಆ ಎರಡು ಉಗುರುಗಳು ಒಂದರ ಪಕ್ಕಕ್ಕೊಂದು ಒತ್ತಾಗಿದ್ದರೆ ಚಿಂತೆಯಿಲ್ಲ. ಕಟ್ಟು ಬಿಗಿಯಾಗಿ ಬೆರಳು ಊದತೊಡಗಿದರೆ ಉಗುರುಗಳು ಕವೆಗೋಲಿನ ಹಾಗೆ ಅಗಲಿಕೊಳ್ಳುತ್ತವೆ, ಮುಟ್ಟಿದರೆ ಬೆರಳು ಇನ್ನೊಂದು ಪಾದಕ್ಕಿಂತ ತಣ್ಣಗಿರುತ್ತದೆ. ಅದನ್ನು ಒಂದು ದಿನ ಗಮನಿಸದೆ ಬಿಟ್ಟರೂ ರಕ್ತಸಂಚಾರ ನಿಂತು ಕಾಲನ್ನೇ ಕಳೆದುಕೊಳ್ಳುವ ಅಪಾಯವುಂಟು. ಬೆಳಿಗ್ಗೆ ಮತ್ತು ಸಂಜೆ ಎರಡೂ ಪಾದಗಳನ್ನು ಮುಟ್ಟಿ ಹೋಲಿಸಬೇಕು, ಬ್ಯಾಂಡೇಜಿನ ಮೇಲ್ತುದಿಗೆ ಮೂಗು ಹಿಡಿದು ವಾಸನೆ ನೋಡಬೇಕು ಎಂದು ಹೇಳಿ, ಅವರ ಕೈಯಿಂದಲೇ ಮಾಡಿಸಿದೆ. "ಮುಖದ ಫೋಟೊ ಬೇಡ ಮೇಡಂ, ಬೆರಳಿನ ಫೋಟೊ ಕಳಿಸಿ" ಎಂದಾಗ ಅವರಿಗೆ ನಗು ಬಂತು.

ಮಳೆಗಾಲವಾದ್ದರಿಂದ ಕಟ್ಟು ಒದ್ದೆಯಾಗುವ ಭಯವೂ ಇತ್ತು. ಕ್ಲಿನಿಕ್ಕಿನಿಂದ ಖಾಲಿ ಸಲೈನ್ ಚೀಲಗಳನ್ನು ಕೇಳಿ ತಂದು, ಒಂದು ತುದಿ ಕತ್ತರಿಸಿ ಕಾಲುಚೀಲದಂತೆ ತೊಡಿಸುತ್ತಿದ್ದೆವು. ಪೇಟೆಯ ತೆಳು ಪ್ಲಾಸ್ಟಿಕ್ ಕವರಿನಂತೆ ಅದು ಹರಿಯುವುದಿಲ್ಲ. ಆದರೆ ಹಿತ್ತಿಲಿಗೆ ಹೋಗಿ ಬಂದ ಕೂಡಲೇ ತೆಗೆಯಬೇಕು, ಇಲ್ಲದಿದ್ದರೆ ಒಳಗೆ ತೇವ ಕಟ್ಟಿ ಚರ್ಮ ಹುಣ್ಣಾಗುತ್ತದೆ.

ಇಷ್ಟನ್ನೆಲ್ಲ ಎರಡು ಪುಟದ ಚೀಟಿಯಲ್ಲಿ ಬರೆದಿದ್ದೆ. ಮನುಷ್ಯರ ನೋವಿನ ಮಾತ್ರೆಗಳನ್ನು, ಮುಖ್ಯವಾಗಿ ಐಬುಪ್ರೊಫೆನ್ ಅನ್ನು, ಯಾವ ಕಾರಣಕ್ಕೂ ಕೊಡಬಾರದು ಎಂಬುದಕ್ಕೆ ಕೆಂಪು ಗೆರೆ ಎಳೆದಿದ್ದೆ. ನಾನು ಫೋನಿಗೆ ಸಿಗದಿದ್ದರೆ ಮೇಡಂ ಹೇಳಿದಂತೆ ಚಿಕಿತ್ಸೆ ಕೊಡಬಹುದು, ಐದು ಸಾವಿರ ರೂಪಾಯಿಯವರೆಗೆ ನನ್ನನ್ನು ಕೇಳಬೇಕಾಗಿಲ್ಲ ಎಂದು ವೈದ್ಯರಿಗೆ ಸಹಿ ಮಾಡಿದ ಪತ್ರ ಕೊಟ್ಟು, ಆ ಹಣವನ್ನೂ ಲಕೋಟೆಯಲ್ಲಿಟ್ಟು ಬಂದೆ. ಮಳೆ ಹಿಡಿದರೆ ನಮ್ಮ ಊರಿನಲ್ಲಿ ಮೊದಲು ಕರೆಂಟು, ಅದರ ಹಿಂದೆಯೇ ಸಿಗ್ನಲ್ ಹೋಗುತ್ತದೆ.

ಆದರೂ ಎಡವಟ್ಟಾಯಿತು, ಅದೂ ನನ್ನಿಂದಲೇ. ಎರಡನೆಯ ದಿನ ಬೆಳಿಗ್ಗೆ, ಪುಣ್ಯಕ್ಕೆ ಸಿಗ್ನಲ್ ಇದ್ದಾಗ, ಕರಿಯ ಎರಡು ಸಲ ಹಳದಿ ನೊರೆ ಕಾರಿಕೊಂಡನೆಂದು ಫೋನು ಬಂತು. ಹೊಸ ಜಾಗವಾದ್ದರಿಂದ ಅವನು ತಿಂಡಿ ಮುಟ್ಟಿರಲಿಲ್ಲ. ಪಶುವೈದ್ಯರು ನೋವಿಗೆಂದು ಬರೆದುಕೊಟ್ಟಿದ್ದ ಮೆಲಾಕ್ಸಿಕಾಮ್ ಮಾತ್ರೆಯನ್ನು ಮಾತ್ರ ಬಾಳೆಹಣ್ಣಿನ ತುಂಡಿನಲ್ಲಿ ಅಡಗಿಸಿ ಕೊಟ್ಟಿದ್ದರು. "ಚೀಟಿಯಲ್ಲಿ ಎಂಟು ಗಂಟೆ ಅಂತ ಬರೆದಿದ್ದೀರಿ ಸಾರ್, ಅದಕ್ಕೇ ಕೊಟ್ಟೆ" ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ಆ ಮಾತ್ರೆಯನ್ನು ಊಟವಾದ ಮೇಲೆಯೇ ಕೊಡಬೇಕು, ಖಾಲಿ ಹೊಟ್ಟೆಗೆ ಹೋದರೆ ಜಠರವನ್ನು ಕೆಣಕುತ್ತದೆ. ನನಗೆ ಅಭ್ಯಾಸವಾಗಿಹೋಗಿದ್ದರಿಂದ ಗಂಟೆಯನ್ನು ಬರೆದು, ಊಟದ ಮಾತನ್ನು ಬಿಟ್ಟಿದ್ದೆ. ವೈದ್ಯರು ಮರುದಿನದ ಮಾತ್ರೆ ನಿಲ್ಲಿಸಲು ಹೇಳಿ, ಮಲ ಕಪ್ಪಾಗಿದ್ದರೆ ಅಥವಾ ವಾಂತಿ ಮುಂದುವರಿದರೆ ಕೂಡಲೇ ಕರೆತನ್ನಿ ಎಂದರು. ಮಧ್ಯಾಹ್ನ ನಾಲ್ಕು ತುತ್ತು ಮೊಸರನ್ನ ತಿಂದ, ರಾತ್ರಿ ಪೂರ್ತಿ ಊಟ ಮಾಡಿದ. ನಾನು ಶ್ರಾದ್ಧದ ಎಲೆಯ ಮುಂದೆ ಕೂತು ನಾಯಿಯ ಮಲದ ಬಣ್ಣದ ಸುದ್ದಿಗೆ ಕಾಯುತ್ತಿದ್ದುದನ್ನು ಅಮ್ಮನಿಗೆ ಹೇಳಲಿಲ್ಲ.

ಐದನೆಯ ದಿನ ಬೆಳಿಗ್ಗೆ ಕರೆತರಲು ಹೋದೆವು. ಕಟ್ಟು ಒಣಗಿತ್ತು, ಬೆರಳುಗಳು ಬೆಚ್ಚಗಿದ್ದವು. ಮೇಡಂ ನನ್ನ ಚೀಟಿಯನ್ನು ಹಿಂದಿರುಗಿಸಿದರು. ಎಂಟು ಗಂಟೆ ಎಂದಿದ್ದ ಕಡೆ ಶಿಕ್ಷಕಿಯ ದುಂಡು ಅಕ್ಷರದಲ್ಲಿ "ತಿಂದ ಮೇಲೆ" ಎಂದು ಸೇರಿಸಿದ್ದರು. ಕೆಳಗೆ ಪೆನ್ಸಿಲಿನಲ್ಲಿ ಇನ್ನೊಂದು ಸಾಲಿತ್ತು: ಕಟ್ಟನ್ನು ಕಚ್ಚದಂತೆ ಕೊರಳಿಗೆ ಹಾಕಿರುವ ಕೋನ್ ನೆಲಕ್ಕೆ ತಾಗುವುದರಿಂದ ಅವನಿಗೆ ನೀರಿನ ಬಟ್ಟಲು ಎಟುಕುತ್ತಿಲ್ಲ, ಬೋಗುಣಿ ಬೋರಲು ಹಾಕಿ ಅದರ ಮೇಲೆ ಇಟ್ಟರೆ ಕುಡಿಯುತ್ತಾನೆ. ಹನ್ನೆರಡು ದಿನ ನಮ್ಮ ಮನೆಯಲ್ಲಿ ಅವನು ನೀರು ಕಡಿಮೆ ಕುಡಿಯುತ್ತಿದ್ದುದನ್ನು ನಾನು ಮಳೆಗಾಲದ ಚಳಿಗೆಂದುಕೊಂಡಿದ್ದೆ. ಅಂದು ಮನೆಗೆ ಬಂದವನೇ ಅಡುಗೆಮನೆಯಿಂದ ಬೋಗುಣಿಯೊಂದನ್ನು ತಂದು ಮಗುಚಿಟ್ಟೆ.